ಬಟನ್ ಒತ್ತಿದರೆ ಬರುವ ಬಿಸಿಲು

ಬೊಕ್ತಾಯ್ ಆಡಬೇಕೆಂದರೆ ಮನೆಯಿಂದ ಹೊರಗೆ ಬರಬೇಕು. ಜಪಾನಿನ ಕೊನಾಮಿ ಕಂಪನಿ 2003ರಲ್ಲಿ ಗೇಮ್ ಬಾಯ್ ಅಡ್ವಾನ್ಸ್‌ಗೆಂದು ಹೊರತಂದ ಈ ವಿಡಿಯೊ ಗೇಮಿನ ಕಾರ್ಟ್ರಿಜ್ ಬೇರೆಯವುಗಳಿಗಿಂತ ಉದ್ದ. ಯಂತ್ರದೊಳಗೆ ತೂರಿಸಿದ ಮೇಲೂ ಅದರ ಒಂದು ಅಂಚು ಹೊರಗೆ ಇಣುಕುತ್ತಿರುತ್ತದೆ. ಬೆಳಕನ್ನು ಅಳೆಯುವ ಸಣ್ಣ ಸೆನ್ಸರ್ ಇರುವುದು ಆ ಅಂಚಿನಲ್ಲೇ. ಆಟದ ನಾಯಕ ಜಾಂಗೊ ರಕ್ತಪಿಶಾಚಿಗಳನ್ನು ಬೇಟೆಯಾಡುವ ಹುಡುಗ. ಅವನ ಬಂದೂಕಿಗೆ ಮದ್ದುಗುಂಡು ಬೇಕಿಲ್ಲ, ಬಿಸಿಲು ಬೇಕು. ಅದೂ ಆಟದ ಚಿತ್ರದೊಳಗಿನ ಬಿಸಿಲಲ್ಲ, ಆಡುವವರ ತಲೆಯ ಮೇಲಿನ ಬಿಸಿಲು. ಅಂಗಳಕ್ಕೆ ಬಿಸಿಲು ಬಂದರೆ ಪರದೆಯ ಮೂಲೆಯಲ್ಲಿರುವ ಸೂರ್ಯನ ಪಟ್ಟಿ ತುಂಬುತ್ತದೆ, ಮೋಡ ಅಡ್ಡ ಬಂದರೆ ಇಳಿಯುತ್ತದೆ. ಮೆಟಲ್ ಗೇರ್ ಸರಣಿಯಿಂದ ಹೆಸರಾದ ಹಿದಿಯೊ ಕೊಜಿಮಾ ಅವರ ಕಲ್ಪನೆ ಇದು.

ಈ ಆಟದಲ್ಲಿ ಮತ್ತೆ ಮತ್ತೆ ಬರುವ ಒಂದು ಸನ್ನಿವೇಶವನ್ನು ಹತ್ತಿರದಿಂದ ನೋಡಬೇಕು. ಪಿಶಾಚಿಯೊಂದಿಗೆ ಕಾದಾಡಿ ಗೆದ್ದರೆ ಕೆಲಸ ಮುಗಿಯುವುದಿಲ್ಲ. ಸೋತ ಪಿಶಾಚಿ ಶವಪೆಟ್ಟಿಗೆಯೊಳಗೆ ಸೇರಿಕೊಳ್ಳುತ್ತದೆ. ಜಾಂಗೊ ಆ ಪೆಟ್ಟಿಗೆಗೆ ಸರಪಳಿ ಬಿಗಿದು, ನೆಲಮಾಳಿಗೆಯ ಓಣಿಗಳನ್ನೆಲ್ಲ ದಾಟಿ, ಬಾಗಿಲಾಚೆಯ ಬಯಲಿಗೆ ಎಳೆದು ತರಬೇಕು. ದಾರಿಯಲ್ಲಿ ಪೆಟ್ಟಿಗೆ ಅಲುಗಾಡುತ್ತದೆ, ಜಗ್ಗುತ್ತದೆ. ಬಯಲಿಗೆ ಬಂದ ಮೇಲೆ ಸೂರ್ಯನ ಶಕ್ತಿಯನ್ನು ಒಟ್ಟುಗೂಡಿಸುವ ಯಂತ್ರಗಳು ಅದರ ಸುತ್ತ ಏಳುತ್ತವೆ, ಕಿರಣಗಳು ಪೆಟ್ಟಿಗೆಯ ಮೇಲೆ ಬೀಳುತ್ತವೆ, ಒಳಗಿದ್ದದ್ದು ಚೀರುತ್ತಾ ಎದುರು ಬೀಳುತ್ತದೆ. ಇಡೀ ಆಟದಲ್ಲಿ ಉಸಿರು ಬಿಗಿಹಿಡಿಯುವ ಗಳಿಗೆ ಇದು. ಆಗಲೇ ನಿಜವಾದ ಆಕಾಶದಲ್ಲಿ ಮೋಡವೊಂದು ಸರಿದು ಬಂದರೆ ಆಡುವವರು ಪರದೆಯಿಂದ ಕಣ್ಣು ಕಿತ್ತು ತಲೆ ಎತ್ತಿ ನೋಡುತ್ತಾರೆ. ಆಡುತ್ತಿರುವವರನ್ನು ತಲೆ ಎತ್ತಿ ಆಕಾಶ ನೋಡುವಂತೆ ಮಾಡಿದ ಬೇರೊಂದು ವಿಡಿಯೊ ಗೇಮ್ ನನಗೆ ಗೊತ್ತಿಲ್ಲ.

ಆ ಯಂತ್ರವೂ ಇದಕ್ಕೆ ಹೇಳಿ ಮಾಡಿಸಿದಂತಿತ್ತು. 2001ರಲ್ಲಿ ಬಂದ ಮೊದಲ ಗೇಮ್ ಬಾಯ್ ಅಡ್ವಾನ್ಸ್‌ನ ಪರದೆಗೆ ಸ್ವಂತ ಬೆಳಕೇ ಇರಲಿಲ್ಲ. ಹೊರಗಿನಿಂದ ಬಿದ್ದ ಬೆಳಕನ್ನು ಹಿಂದಕ್ಕೆ ಚೆಲ್ಲಿಯೇ ಅದು ಚಿತ್ರ ತೋರಿಸುತ್ತಿತ್ತು. ಹಾಗಾಗಿ ಕೋಣೆಯಲ್ಲಿ ಮಂಕು, ಹೊರಗೆ ನಿಚ್ಚಳ. ಇಂದಿನ ಮೊಬೈಲಿನದು ಇದಕ್ಕೆ ತದ್ವಿರುದ್ಧ: ಮಟಮಟ ಮಧ್ಯಾಹ್ನ ಹೊರಗೆ ಹಿಡಿದರೆ ಅದರ ಪರದೆಯಲ್ಲಿ ನಮ್ಮ ಮುಖವೇ ಹೆಚ್ಚಾಗಿ ಕಾಣುತ್ತದೆ. ಪರದೆಗೆ ಬೆಳಕಿಲ್ಲ ಎಂದು ಜನ ಬೈಯುತ್ತಿದ್ದ ಯಂತ್ರದಲ್ಲಿ, ಆ ಕೊರತೆಯೇ ಅನುಕೂಲವಾಗುವಂಥ ಆಟ ಕಟ್ಟಿದ್ದು ದೊಡ್ಡ ಜಾಣ್ಮೆ.

ಇಪ್ಪತ್ತು ವರ್ಷಗಳ ಮೇಲಾಯಿತು. ಆ ಕಾರ್ಟ್ರಿಜ್‌ಗಳಲ್ಲಿ ಹೊತ್ತು ಗೊತ್ತು ನೋಡಿಕೊಳ್ಳಲು ಒಂದು ಗಡಿಯಾರವೂ ಅದಕ್ಕೊಂದು ಬ್ಯಾಟರಿಯೂ ಇವೆ. ಬ್ಯಾಟರಿ ಸತ್ತರೆ ಆಟಕ್ಕೆ ಹಗಲು ರಾತ್ರಿಯ ಲೆಕ್ಕ ತಪ್ಪುತ್ತದೆ. ಇವತ್ತು ಈ ಆಟ ಆಡುವವರಲ್ಲಿ ಹಲವರು ಎಮ್ಯುಲೇಟರ್ ಹಿಡಿಯುವುದು ಸಹಜ. ಎಮ್ಯುಲೇಟರ್ ಎಂದರೆ ಹಳೆಯ ಯಂತ್ರದ ಪ್ರತಿಯೊಂದು ಭಾಗದ ವರ್ತನೆಯನ್ನೂ ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶ. ಇವುಗಳಲ್ಲಿ ಎಂಜಿಬಿಎ ಎಂಬುದು ಮುಕ್ತ ತಂತ್ರಾಂಶ; ಅದರ ಮೂಲ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಪ್ರೊಸೆಸರ್, ಚಿತ್ರ, ಸದ್ದು, ಗಡಿಯಾರ ಎಲ್ಲವನ್ನೂ ಅದು ಚೆನ್ನಾಗಿ ಅನುಕರಿಸುತ್ತದೆ. ಬಿಸಿಲಿನ ಸೆನ್ಸರಿಗೂ ಅಲ್ಲೊಂದು ವ್ಯವಸ್ಥೆ ಇದೆ: ಮೆನುವಿಗೆ ಹೋಗಿ ಬೆಳಕನ್ನು ಹೆಚ್ಚಿಸು ಎಂದರೆ ಹೆಚ್ಚುತ್ತದೆ, ತಗ್ಗಿಸು ಎಂದರೆ ತಗ್ಗುತ್ತದೆ. ಕೀಬೋರ್ಡಿನ ಒಂದು ಕೀಲಿಗೂ ಇದನ್ನು ಕೊಡಬಹುದು. ನಡುರಾತ್ರಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ, ಕೀಲಿ ಒತ್ತಿದರೆ ನಡುಹಗಲು.

ಈ ಸೌಕರ್ಯ ಮಾಡಿಕೊಟ್ಟವರ ಬಗ್ಗೆ ನನಗೆ ಗೌರವವಿದೆ, ಅದಿಲ್ಲದೆ ಆಟವೇ ಮುಂದೆ ಸಾಗುತ್ತಿರಲಿಲ್ಲ. ಆದರೆ ಆ ಕೀಲಿಯಿಂದ ಆಟ ಉಳಿಯಿತು ಎಂದು ತೃಪ್ತರಾಗುವುದನ್ನು ನಾನು ಒಪ್ಪಲಾರೆ. ಬೊಕ್ತಾಯ್ ಆಡುವವರ ಮುಂದೆ ಇಟ್ಟದ್ದು ಒಂದೇ ಷರತ್ತು: ನಿನ್ನ ಕೈಯಲ್ಲಿಲ್ಲದ ಒಂದು ಸಂಗತಿಗೆ ನೀನು ಕಾಯಬೇಕು. ಹಗಲಾಗುವವರೆಗೆ, ಮೋಡ ಸರಿಯುವವರೆಗೆ, ಮಳೆ ನಿಲ್ಲುವವರೆಗೆ. ಬಿಸಿಲನ್ನು ಆಡುವವರ ಬೆರಳಿಗೆ ಕೊಟ್ಟ ಕೂಡಲೇ ಚಿತ್ರ, ಕಥೆ, ಸಂಗೀತ ಎಲ್ಲ ಇದ್ದಲ್ಲೇ ಇರುತ್ತವೆ, ಷರತ್ತು ಮಾತ್ರ ಇರುವುದಿಲ್ಲ. ಕಡತವನ್ನು ಕಾಪಾಡಿ ಆಟವನ್ನು ಕಾಪಾಡಿದೆವು ಎಂದುಕೊಳ್ಳುವುದು, ಬೀಜ ಬಿತ್ತದೆ ಕಣಜದಲ್ಲಿಟ್ಟು ಬೆಳೆ ಬಂತು ಎಂದುಕೊಂಡ ಹಾಗೆ. ಅದಕ್ಕಾಗಿ ನನ್ನ ವಾದ ಇದು: ಈ ಆಟವನ್ನು ಎಮ್ಯುಲೇಟರಿನಲ್ಲಿ ಆಡುವವರು, ಆದಷ್ಟೂ, ಅದಕ್ಕೊಂದು ನಿಜವಾದ ಬೆಳಕಿನ ಸೆನ್ಸರ್ ಕಟ್ಟಿಕೊಡಬೇಕು. ಆ ಕೆಲಸ ಜನ ಅಂದುಕೊಂಡಷ್ಟು ಕಷ್ಟವೂ ಅಲ್ಲ.

ಮೂಲ ಕಾರ್ಟ್ರಿಜ್ ಬೆಳಕನ್ನು ಹೇಗೆ ಅಳೆಯುತ್ತಿತ್ತು ಎಂಬುದನ್ನು ಈ ಯಂತ್ರವನ್ನು ಬಿಡಿಸಿ ಅಭ್ಯಾಸ ಮಾಡಿದವರು ದಾಖಲಿಸಿದ್ದಾರೆ. ಬೆಳಕು ಇಷ್ಟು ಎಂದು ಸೆನ್ಸರ್ ತಾನಾಗಿ ಹೇಳುವುದಿಲ್ಲ. ಆಟ ಒಂದು ಎಣಿಕೆಯನ್ನು ಸೊನ್ನೆಗೆ ತಂದು ಒಂದೊಂದಾಗಿ ಏರಿಸುತ್ತಾ ಹೋಗುತ್ತದೆ, ಪ್ರತಿ ಹೆಜ್ಜೆಗೂ 'ಸಾಕೇ?' ಎಂದು ಕೇಳುತ್ತದೆ. ಎಣಿಕೆ ಸೆನ್ಸರಿನ ಮಟ್ಟ ಮುಟ್ಟಿದಾಗ 'ಸಾಕು' ಎಂಬ ಒಂದು ಬಿಟ್ ಉತ್ತರ ಬರುತ್ತದೆ. ಬೆಳಕು ಹೆಚ್ಚಿದ್ದರೆ ಉತ್ತರ ಬೇಗ, ಕತ್ತಲಿದ್ದರೆ ತಡ. ಅಂದರೆ ಆಟ ಎಣಿಸುವುದು ಬೆಳಕನ್ನಲ್ಲ, ಕತ್ತಲನ್ನು. ಆ ದಾಖಲೆಗಳ ಪ್ರಕಾರ ಪೂರ್ತಿ ಕತ್ತಲಲ್ಲಿ ಈ ಎಣಿಕೆ ಸುಮಾರು 232ಕ್ಕೆ ಹೋಗುತ್ತದೆ. ನೂರು ವ್ಯಾಟಿನ ಬಲ್ಬಿನ ಹತ್ತಿರ ಹಿಡಿದರೆ ಅದು ಸ್ವಲ್ಪವಷ್ಟೇ ಇಳಿಯುತ್ತದೆ. ಆಟದ ಸೂರ್ಯನ ಪಟ್ಟಿ ಪೂರ್ತಿ ತುಂಬಲು ಅದು 80ರ ಆಸುಪಾಸಿಗೆ ಇಳಿಯಬೇಕು. ಕಾರ್ಟ್ರಿಜ್‌ನಿಂದ ಕಾರ್ಟ್ರಿಜ್‌ಗೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ, ಆದರೂ ಈ ಸಂಖ್ಯೆಗಳನ್ನು ನೋಡಿದರೆ ತಯಾರಕರ ಮನಸ್ಸು ತಿಳಿಯುತ್ತದೆ. ಕತ್ತಲಿಗೂ ಬಲ್ಬಿಗೂ ನಡುವೆ ಬರೀ ಕೆಲವೇ ಹೆಜ್ಜೆ, ಬಲ್ಬಿನಿಂದ ಬಿಸಿಲಿಗೆ ನೂರಕ್ಕೂ ಹೆಚ್ಚು. ಮನೆಯೊಳಗಿನ ದೀಪ ಈ ಆಟದ ಪಾಲಿಗೆ ಕತ್ತಲೆಯೇ.

ನಮ್ಮ ಕಣ್ಣಿಗೆ ಇದು ಅತಿಯೆನಿಸಬಹುದು, ಏಕೆಂದರೆ ಕಣ್ಣು ಬೆಳಕಿಗೆ ತಕ್ಕಂತೆ ಹೊಂದಿಕೊಂಡು ನಮಗೆ ಅಂತರ ತಿಳಿಯದಂತೆ ಮಾಡುತ್ತದೆ. ದೀಪ ಹಚ್ಚಿದ ಕೋಣೆಯಲ್ಲಿ ಬೆಳಕಿನ ಪ್ರಮಾಣ ಮುನ್ನೂರರಿಂದ ಐನೂರು ಲಕ್ಸ್ ಇದ್ದರೆ ಹೆಚ್ಚು. ಮೋಡ ಮುಸುಕಿದ ಹಗಲಿನಲ್ಲೂ ಹೊರಗೆ ಹತ್ತು ಸಾವಿರದ ಆಸುಪಾಸು ಇರುತ್ತದೆ. ನೆತ್ತಿಯ ಮೇಲಿನ ಬಿಸಿಲು ಒಂದು ಲಕ್ಷದಷ್ಟು. ಒಳಗಿಗೂ ಹೊರಗಿಗೂ ಇನ್ನೂರು ಮುನ್ನೂರು ಪಟ್ಟು ವ್ಯತ್ಯಾಸ.

ಎಮ್ಯುಲೇಟರಿನ ಕೋಡಿನಲ್ಲಿ ಈ ಇಡೀ ಸರ್ಕಿಟ್ ಇಳಿದು ಬರುವುದು ಒಂದೇ ಪ್ರಶ್ನೆಗೆ: ಈಗ ಬೆಳಕು ಎಷ್ಟು? ಆ ಪ್ರಶ್ನೆ ಕೇಳುವ ಜಾಗ ಒಂದು, ಉತ್ತರ ಕೊಡಬೇಕಾದದ್ದು ಒಂದು ಸಂಖ್ಯೆ. ಮೆನುವಿನ ಬಟನ್ನು ಆ ಸಂಖ್ಯೆಯನ್ನೇ ಬದಲಾಯಿಸುತ್ತದೆ. ಅಲ್ಲಿಗೆ ಬಟನ್ನಿನ ಬದಲು ಹೊರಗಿನಿಂದ ಬಂದ ಅಳತೆ ಕೊಟ್ಟರೆ ಆಯಿತು. ಕೋಡು ತಿದ್ದುವ ಗೋಜೇ ಬೇಡ ಎನ್ನುವವರಿಗೂ ದಾರಿಯುಂಟು. ಆರ್ಡುಯಿನೋ ಲಿಯೊನಾರ್ಡೊದಂಥ ಪುಟ್ಟ ಮೈಕ್ರೊಕಂಟ್ರೋಲರ್ ಬೋರ್ಡು ಕಂಪ್ಯೂಟರಿಗೆ ತಾನೊಂದು ಕೀಬೋರ್ಡ್ ಎಂದು ಪರಿಚಯಿಸಿಕೊಳ್ಳಬಲ್ಲದು. ಬೆಳಕು ಹೆಚ್ಚಾದಾಗ 'ಹೆಚ್ಚಿಸು' ಕೀಲಿಯನ್ನು, ಕಡಿಮೆಯಾದಾಗ 'ತಗ್ಗಿಸು' ಕೀಲಿಯನ್ನು ಅದೇ ಒತ್ತುತ್ತದೆ. ಎಮ್ಯುಲೇಟರಿಗೆ ಕೀಲಿ ಒತ್ತಿದವರು ಯಾರೆಂದು ತಿಳಿಯುವುದಿಲ್ಲ, ಬೆರಳಿನ ಜಾಗಕ್ಕೆ ಸೂರ್ಯ ಬಂದಿರುತ್ತಾನೆ.

ಸೆನ್ಸರಿಗೆ ಅತ್ಯಂತ ಅಗ್ಗದ ವಸ್ತು ಬೆಳಕಿಗೆ ಸ್ಪಂದಿಸುವ ರೆಸಿಸ್ಟರ್ ಆದ ಎಲ್‌ಡಿಆರ್. ಬೆಂಗಳೂರಿನ ಎಸ್.ಪಿ. ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ಹತ್ತಿಪ್ಪತ್ತು ರೂಪಾಯಿ ಕೊಟ್ಟರೆ ಸಿಗುತ್ತದೆ, ಇಂಜಿನಿಯರಿಂಗ್ ಓದುವ ಮಕ್ಕಳಿರುವ ಮನೆಯ ಡಬ್ಬಿಯಲ್ಲಿ ಒಂದೆರಡು ಬಿದ್ದೇ ಇರುತ್ತವೆ. ಬೆಳಕು ಬಿದ್ದಷ್ಟೂ ಅದರ ರೋಧ ಇಳಿಯುತ್ತದೆ. ಅದನ್ನೂ ಒಂದು ರೆಸಿಸ್ಟರನ್ನೂ ಸರಣಿಯಲ್ಲಿ ಜೋಡಿಸಿ, ನಡುವಿನ ವೋಲ್ಟೇಜನ್ನು ಬೋರ್ಡಿನ ಅನಲಾಗ್ ಪಿನ್ನಿಗೆ ಕೊಟ್ಟರೆ 0ಯಿಂದ 1023ರವರೆಗಿನ ಸಂಖ್ಯೆ ಬರುತ್ತದೆ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ಕೆಲಸದ ತಿರುಳು ಇರುವುದು ಆ ರೆಸಿಸ್ಟರಿನ ಆಯ್ಕೆಯಲ್ಲಿ. ಕಲಿಕೆಯ ಪಾಠಗಳೆಲ್ಲ 10 ಕಿಲೋಓಮ್ ಹಾಕು ಎನ್ನುತ್ತವೆ. ಕೋಣೆಯೊಳಗೆ ಕೈ ಅಡ್ಡ ಹಿಡಿದರೆ ದೀಪ ಹೊತ್ತುವ ಪ್ರಯೋಗಕ್ಕೆ ಅದು ಸರಿ. ಆದರೆ ಹೊರಗೆ ಹೋದರೆ ಎಲ್‌ಡಿಆರ್‌ನ ರೋಧ ನೂರಿನ್ನೂರು ಓಮ್‌ಗೋ ಅದಕ್ಕೂ ಕೆಳಗೋ ಇಳಿದಿರುತ್ತದೆ. 10 ಕಿಲೋಓಮ್ ಎದುರು ಆ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ. ಮೋಡವಿದ್ದರೂ ಸಾವಿರದ ಮೇಲೆ, ಬಿಸಿಲಿದ್ದರೂ ಸಾವಿರದ ಮೇಲೆ. ಆಟಕ್ಕೆ ಬೇಕಾದದ್ದು ಮೋಡಕ್ಕೂ ಬಿಸಿಲಿಗೂ ಇರುವ ಅಂತರ. 220 ಓಮ್‌ನಷ್ಟು ಸಣ್ಣ ರೆಸಿಸ್ಟರ್ ಹಾಕಿ ನೋಡಿ: ಕೋಣೆಯ ಬೆಳಕೆಲ್ಲ ಕೆಳತುದಿಯಲ್ಲಿ ಮುದುಡಿಕೊಳ್ಳುತ್ತದೆ, ಹೊರಗಿನ ಬೆಳಕಿನ ಬಗೆಗಳು ಬಿಡಿಬಿಡಿಯಾಗಿ ಕಾಣತೊಡಗುತ್ತವೆ. ಕತ್ತಲಿಗೂ ಬಲ್ಬಿಗೂ ಕೆಲವೇ ಹೆಜ್ಜೆ ಕೊಟ್ಟ ಮೂಲ ತಯಾರಕರ ತೀರ್ಮಾನಕ್ಕೆ ನಾವೂ ಬಂದು ನಿಲ್ಲುತ್ತೇವೆ. ಯಾವುದನ್ನು ನೋಡದಿರಬೇಕು ಎಂಬುದನ್ನು ಮೊದಲು ನಿರ್ಧರಿಸದೆ ಯಾವ ಅಳತೆಯ ಸಾಧನವನ್ನೂ ಕಟ್ಟಲಾಗದು. ಇದನ್ನು ಪುಸ್ತಕ ಓದಿ ತಿಳಿಯುವುದಕ್ಕೂ, ಒಂದು ರೆಸಿಸ್ಟರ್ ಕಿತ್ತು ಇನ್ನೊಂದು ಸಿಕ್ಕಿಸಿ ಸಂಖ್ಯೆ ಬದಲಾಗುವುದನ್ನು ಕಣ್ಣಾರೆ ನೋಡುವುದಕ್ಕೂ ಬಹಳ ವ್ಯತ್ಯಾಸವಿದೆ.

ಉಳಿದದ್ದು ಸಣ್ಣಪುಟ್ಟ ಎಚ್ಚರಿಕೆಗಳು. ಒಂದೇ ಅಳತೆಯನ್ನು ನಂಬದೆ ಹಲವನ್ನು ಸೇರಿಸಿ ಸರಾಸರಿ ತೆಗೆಯಬೇಕು. ಒಂದು ಹಂತದಿಂದ ಇನ್ನೊಂದಕ್ಕೆ ಏರುವ ಗಡಿಯನ್ನೂ ಇಳಿಯುವ ಗಡಿಯನ್ನೂ ಸ್ವಲ್ಪ ದೂರ ದೂರ ಇಡಬೇಕು, ಇಲ್ಲದಿದ್ದರೆ ಎಲೆಯ ನೆರಳು ಅಲುಗಿದಾಗಲೆಲ್ಲ ಪಟ್ಟಿ ಪಟಪಟ ಎನ್ನುತ್ತದೆ. ಹಂತಗಳ ನಡುವೆ ಸಮಾನ ಅಂತರ ಇಡುವುದೂ ತಪ್ಪು, ಮೇಲೆ ಹೋದಂತೆ ಅಂತರ ಹೆಚ್ಚಬೇಕು. ಎಲ್‌ಡಿಆರ್ ಬೇಡವೆಂದರೆ ಬಿಎಚ್1750 ಎಂಬ ಡಿಜಿಟಲ್ ಸೆನ್ಸರ್ ಲಕ್ಸ್ ಲೆಕ್ಕದಲ್ಲೇ ಉತ್ತರ ಕೊಡುತ್ತದೆ. ಆದರೆ ಸಾಮಾನ್ಯ ಜೋಡಣೆಯಲ್ಲಿ ಅದರ ಮಿತಿ ಐವತ್ತನಾಲ್ಕು ಸಾವಿರ ಲಕ್ಸ್ ಆಸುಪಾಸಿಗೆ ಮುಗಿಯುತ್ತದೆ. ನಮ್ಮ ಬೇಸಿಗೆಯ ಬಿಸಿಲಿಗೆ ಅದು ಸಾಲದು, ಮೇಲೊಂದು ಬಿಳಿ ಪ್ಲಾಸ್ಟಿಕ್ ತುಂಡು ಮುಚ್ಚಿ ಬೆಳಕನ್ನು ತಗ್ಗಿಸಬೇಕಾಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಬದಲಾಗುವುದೇನು? ಎಮ್ಯುಲೇಟರ್ ಬಳಸುವವರಿಗೆ ಮೂಲ ಯಂತ್ರದಲ್ಲಿಲ್ಲದ ಮೂರು ಅಧಿಕಾರಗಳು ಸಿಕ್ಕಿರುತ್ತವೆ. ಯಾವ ಕ್ಷಣವನ್ನಾದರೂ ಹಾಗೆಯೇ ಉಳಿಸಿಟ್ಟು ಅಲ್ಲಿಗೆ ಮರಳುವುದು, ಆಟವನ್ನು ಹಿಂದಕ್ಕೆ ಓಡಿಸುವುದು, ಬೇಸರವಾದ ಕಡೆ ವೇಗ ಹೆಚ್ಚಿಸುವುದು. ಆಟದ ಕಾಲ ಪೂರ್ತಿಯಾಗಿ ಆಡುವವರ ವಶದಲ್ಲಿರುತ್ತದೆ. ಸೆನ್ಸರಿನ ತಂತಿ ಸಿಕ್ಕಿಸಿದ ಕೂಡಲೇ ಆ ಅಧಿಕಾರಕ್ಕೊಂದು ಎಲ್ಲೆ ಬೀಳುತ್ತದೆ. ಶವಪೆಟ್ಟಿಗೆಯನ್ನು ಬಯಲಿಗೆ ಎಳೆದು ತಂದ ಕ್ಷಣವನ್ನು ಉಳಿಸಿಟ್ಟುಕೊಂಡಿರಬಹುದು. ಅಲ್ಲಿಗೆ ಎಷ್ಟು ಸಲ ಮರಳಿದರೂ ಹೊರಗೆ ಹೊತ್ತು ಇಳಿಯುತ್ತಲೇ ಇರುತ್ತದೆ. ವೇಗ ನಾಲ್ಕು ಪಟ್ಟು ಮಾಡಿದರೂ ಮೋಡ ತನ್ನ ನಡಿಗೆಯಲ್ಲೇ ಸರಿಯುತ್ತದೆ. ಎಲ್ಲವನ್ನೂ ಅನುಕರಿಸಬಲ್ಲ ಯಂತ್ರದೊಳಗೆ ಅನುಕರಿಸಲಾಗದ ಒಂದು ವಸ್ತು ನೆಲೆಸಿದಂತಾಗುತ್ತದೆ. ಬೊಕ್ತಾಯ್‌ನ ಷರತ್ತು ಮರಳಿ ಬರುವುದು ಹೀಗೆ.

ಇದರ ವಿರುದ್ಧ ಬರುವ ಆಕ್ಷೇಪಗಳಲ್ಲಿ ಒಂದು ಬಹಳ ಗಟ್ಟಿಯಾದದ್ದು. ಎಲ್ಲರಿಗೂ ಬಿಸಿಲು ಸಿಗುವುದಿಲ್ಲ. ಹಾಸಿಗೆ ಹಿಡಿದವರಿದ್ದಾರೆ, ಬಿಸಿಲು ತಾಗಿದರೆ ಚರ್ಮಕ್ಕೆ ತೊಂದರೆಯಾಗುವವರಿದ್ದಾರೆ, ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರಿದ್ದಾರೆ. ಮಳೆಗಾಲದಲ್ಲಿ ಆಗುಂಬೆಯ ಕಡೆ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಉತ್ತರ ಯುರೋಪಿನ ಚಳಿಗಾಲದ ಹಗಲು ಶುರುವಾಗುವಷ್ಟರಲ್ಲಿ ಮುಗಿಯುತ್ತದೆ. ಇನ್ನೊಂದು ಕಡೆ, ಮೇ ತಿಂಗಳ ಕಲಬುರಗಿಯಲ್ಲಿ ಮಧ್ಯಾಹ್ನ ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸುವ ಆಟವನ್ನು ಯಾವ ತಾಯಿಯೂ ಮೆಚ್ಚಲಾರಳು. ಇವರೆಲ್ಲರಿಗೂ ಮೆನುವಿನ ಬಟನ್ ಬೇಕು, ಅದು ಇರಲೇಬೇಕು. ಇದನ್ನು ನಾನು ಒಲ್ಲದ ಮನಸ್ಸಿನಿಂದ ಒಪ್ಪುತ್ತಿಲ್ಲ. ಮೂಲ ಆಟ ಆರೋಗ್ಯವಂತ ಮಗುವನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡಿತ್ತು, ಅದು ಅದರ ಕೊರತೆಯೇ ಸರಿ. ಆದರೆ ಕೆಲವರಿಗೆ ಅನಿವಾರ್ಯವಾದ ದಾರಿ ಎಲ್ಲರಿಗೂ ಏಕೈಕ ದಾರಿಯಾಗಬೇಕಿಲ್ಲ. ಇವತ್ತು ಎಮ್ಯುಲೇಟರ್ ತೆರೆದವರಿಗೆ ಹೆಚ್ಚಾಗಿ ಎದುರಾಗುವುದು ಬಟನ್ ಒಂದೇ. ಅದರ ಪಕ್ಕದಲ್ಲಿ 'ಹೊರಗಿನ ಸೆನ್ಸರ್' ಎಂಬ ಇನ್ನೊಂದು ಸಾಲು ಸಲೀಸಾಗಿ ಸಿಗುವಂತಿರಬೇಕು ಎಂಬುದಷ್ಟೇ ನನ್ನ ಬೇಡಿಕೆ. ಬಹಳಷ್ಟು ಮೊಬೈಲುಗಳಲ್ಲಿ ಪರದೆಯ ಹೊಳಪು ಹೊಂದಿಸಲು ಬೆಳಕಿನ ಸೆನ್ಸರ್ ಆಗಲೇ ಇದೆ. ಅದನ್ನು ಈ ಆಟಕ್ಕೆ ಓದಿಸುವ ಪ್ರಯತ್ನಗಳೂ ನಡೆದಿವೆ. ಅಡ್ಡಿಯಾಗಿರುವುದು ತಂತ್ರಜ್ಞಾನವಲ್ಲ.

ಎರಡನೆಯ ಆಕ್ಷೇಪ ಮೋಸದ ಕುರಿತದ್ದು. ಮನೆಯಲ್ಲಿ ಮಾಡಿದ ಸೆನ್ಸರಿಗೆ ಟಾರ್ಚ್ ಹಿಡಿದರೆ ಆಯಿತಲ್ಲ? ಉದ್ದನೆಯ ತಂತಿ ಎಳೆದು ಸೆನ್ಸರನ್ನು ಟೆರೇಸಿನ ಮೇಲಿಟ್ಟು, ಫ್ಯಾನಿನ ಕೆಳಗೆ ಕೂತು ಆಡಿದರೆ? ಟಾರ್ಚಿನ ಮಾತು ದೊಡ್ಡದಲ್ಲ. ಮೂಲ ಕಾರ್ಟ್ರಿಜ್‌ಗೂ ಬಿಸಿ ಕಾರುವ ಹ್ಯಾಲೊಜೆನ್ ದೀಪವನ್ನು ತೀರಾ ಹತ್ತಿರ ಹಿಡಿದು ಏಮಾರಿಸಬಹುದಿತ್ತು. ಮೋಸ ಮಾಡಲು ಅಷ್ಟು ಕಷ್ಟಪಡಬೇಕಾದ ಆಟದಲ್ಲಿ ಮೋಸವೂ ಒಂದು ಬಗೆಯ ಆಟವೇ. ಉದ್ದ ತಂತಿಯ ಪ್ರಶ್ನೆ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಟೆರೇಸಿನ ಮೇಲೆ ಬಿಸಿಲಿದೆ, ಆಡುವವರ ಮೈಮೇಲಿಲ್ಲ. ಷರತ್ತು ಅರ್ಧ ಪಾಲಿಸಿದಂತೆ: ಕಾಯುವುದು ಉಳಿಯಿತು, ಹೊರಗೆ ಬರುವುದು ಉಳಿಯಲಿಲ್ಲ. ಮನೆಬಿಟ್ಟು ಬರಲಾಗದವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಟಿಲ್ಲ ಎಂದೇ ನನ್ನ ಅನಿಸಿಕೆ. ಕಿಟಕಿಯಾಚೆಯ ಹವಾಮಾನ ಹಾಸಿಗೆಯ ತನಕ ಬರುತ್ತದೆ. ಬರಲಾಗುವವರು ಮಾತ್ರ ಸೆನ್ಸರನ್ನು ಆಡುವ ಯಂತ್ರದ ಬೆನ್ನಿಗೇ ಅಂಟಿಸಬೇಕು, ಅದಕ್ಕೆ ಬಿಸಿಲು ತಾಗಿದರೆ ಕೈಗೂ ತಾಗುವಂತೆ. ಸಂಚಾರಿ ಎಮ್ಯುಲೇಟರ್ ಯಂತ್ರಗಳಿಗೆ ಯುಎಸ್‌ಬಿ ಮೂಲಕ ಹೆಬ್ಬೆರಳಿನಷ್ಟು ಸಣ್ಣ ಬೋರ್ಡು ಸಿಕ್ಕಿಸುವುದು ಕಷ್ಟವೇನಲ್ಲ.

ಸೆನ್ಸರನ್ನು ಕೈಬಿಟ್ಟವರಲ್ಲಿ ಎಮ್ಯುಲೇಟರ್ ಬರೆದವರೇ ಮೊದಲಿಗರಲ್ಲ. ಸರಣಿಯ ಎರಡನೆಯ ಆಟ 2004ರಲ್ಲಿ, ಮೂರನೆಯದು 2005ರಲ್ಲಿ, ಎರಡೂ ಸೆನ್ಸರಿನೊಂದಿಗೇ ಬಂದವು. ಮೂರನೆಯದು ಜಪಾನ್ ಬಿಟ್ಟು ಹೊರಗೆ ಬರಲೇ ಇಲ್ಲ. ನಾಲ್ಕನೆಯದನ್ನು 2006ರಲ್ಲಿ ನಿಂಟೆಂಡೊ ಡಿಎಸ್‌ಗೆ ತಂದಾಗ ಕೊನಾಮಿ ಸೆನ್ಸರನ್ನೇ ತೆಗೆದುಹಾಕಿ, ಆಟದೊಳಗೇ ಹವಾಮಾನ ಬದಲಿಸುವ ವ್ಯವಸ್ಥೆಯನ್ನು ಹೆಣೆಯಿತು. ಮೋಡ, ಮಳೆ, ಬಿಸಿಲು ಎಲ್ಲ ಕಥೆಯ ಭಾಗವಾದವು. ಪಶ್ಚಿಮದಲ್ಲಿ ಲೂನಾರ್ ನೈಟ್ಸ್ ಎಂಬ ಹೆಸರಿನಲ್ಲಿ ಬಂದ ಆ ಆಟ ಕೆಟ್ಟದ್ದಲ್ಲ, ಬಹಳ ಅಚ್ಚುಕಟ್ಟಾಗಿದೆ. ಆದರೆ ತಲೆ ಎತ್ತಿ ಆಕಾಶ ನೋಡುವ ಕಾರಣ ಅದರಲ್ಲಿ ಉಳಿಯಲಿಲ್ಲ. ಒಂದು ಎಳೆಯನ್ನು ಮಾತ್ರ ಬಿಟ್ಟಿದ್ದರು: ಡಿಎಸ್‌ನ ಎರಡನೆಯ ಸ್ಲಾಟಿಗೆ ಹಳೆಯ ಬೊಕ್ತಾಯ್ ಕಾರ್ಟ್ರಿಜ್ ಸಿಕ್ಕಿಸಿದರೆ ಅದರ ಸೆನ್ಸರ್ ಹೊಸ ಆಟಕ್ಕೂ ಕೆಲಸ ಮಾಡುತ್ತದೆ. ಹೊರಗಿನ ಸೆನ್ಸರನ್ನು ತಂದು ಹೊಸ ಯಂತ್ರಕ್ಕೆ ಜೋಡಿಸುವ ಕ್ರಮಕ್ಕೆ ಮೂಲ ತಯಾರಕರ ಒಪ್ಪಿಗೆ ಆಗಲೇ ಸಿಕ್ಕಿದೆ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಕಾನೂನಿನ ಮಾತನ್ನು ಬಿಡುವಂತಿಲ್ಲ. ಎಮ್ಯುಲೇಟರ್ ಬರೆಯುವುದೂ ಬಳಸುವುದೂ ಬೇರೆ, ಹಕ್ಕುಸ್ವಾಮ್ಯವಿರುವ ಆಟದ ಪ್ರತಿಯನ್ನು ಎಲ್ಲಿಂದಲೋ ಇಳಿಸಿಕೊಳ್ಳುವುದು ಬೇರೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಕಂಪ್ಯೂಟರ್ ಪ್ರೋಗ್ರಾಂ ಅನ್ನು ನ್ಯಾಯವಾಗಿ ಪಡೆದವರು ನಷ್ಟ, ನಾಶಗಳಿಂದ ರಕ್ಷಣೆಗೆಂದು ಬ್ಯಾಕಪ್ ಪ್ರತಿ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. ಸ್ವಂತ ಕಾರ್ಟ್ರಿಜ್ ಇಟ್ಟುಕೊಂಡು ಅದರ ಪ್ರತಿ ತೆಗೆದು ಆಡುವುದು ನನಗೆ ಸರಿಯೆನಿಸುವ ದಾರಿ.

ಸ್ವಂತ ಕಾರ್ಟ್ರಿಜ್ ಇರುವವರಿಂದ ಈಗ ಆಗಬೇಕಾದ ಮುಖ್ಯ ಕೆಲಸವೊಂದಿದೆ. ಆಟದ ಕಡತವನ್ನು ನಕಲು ಮಾಡಬಹುದು, ಸೆನ್ಸರಿನ ಸ್ವಭಾವವನ್ನು ಹಾಗೆ ನಕಲು ಮಾಡಲಾಗದು. ಇಷ್ಟು ಲಕ್ಸ್ ಬೆಳಕಿಗೆ ಈ ಕಾರ್ಟ್ರಿಜ್ ಇಷ್ಟು ಎಣಿಸಿತು ಎಂಬ ಪಟ್ಟಿ ಬೇಕು. ಅದೂ ಒಂದೆರಡು ಕಾರ್ಟ್ರಿಜ್‌ನದಲ್ಲ, ಹಲವು ದೇಶಗಳಲ್ಲಿರುವ ಹಲವು ಕಾರ್ಟ್ರಿಜ್‌ಗಳದು. ಮುಂಜಾನೆ, ನಡುಹಗಲು, ಮಬ್ಬು, ಗಾಜಿನ ಕಿಟಕಿಯ ಹಿಂದೆ, ಮರದ ನೆರಳಿನಲ್ಲಿ. ಒಂದು ಲಕ್ಸ್ ಮೀಟರ್ ಇದ್ದರೆ ಯಾರಾದರೂ ಅಂಗಳದಲ್ಲಿ ನಿಂತು ಮಾಡಬಹುದಾದ ಕೆಲಸ. ಅಂಥ ಪಟ್ಟಿ ಸಿದ್ಧವಾದರೆ ಮನೆಯಲ್ಲಿ ಕಟ್ಟಿದ ಎಲ್‌ಡಿಆರ್ ಸೆನ್ಸರನ್ನೂ ಅದಕ್ಕೆ ಹೊಂದಿಸಿ, ಮೂಲ ಕಾರ್ಟ್ರಿಜ್ ಯಾವ ಬಿಸಿಲನ್ನು ಬಿಸಿಲೆನ್ನುತ್ತಿತ್ತೋ ಅದನ್ನೇ ಇದೂ ಬಿಸಿಲೆನ್ನುವಂತೆ ಮಾಡಬಹುದು. ಸೆನ್ಸರುಗಳಿಗೂ ವಯಸ್ಸಾಗುತ್ತದೆ, ಅವುಗಳ ಮುಂದಿನ ಪ್ಲಾಸ್ಟಿಕ್ ಕಿಟಕಿ ಮಸುಕಾಗುತ್ತದೆ, ಗೀರು ಬೀಳುತ್ತದೆ. ಅಳೆಯುವುದಿದ್ದರೆ ಈಗಲೇ ಅಳೆಯಬೇಕು.